ಆರೂಕಾಲರ ನಡುಕ

ಪುಣೆಯ ಧನಕವಡಿಯ ಕಾಲೇಜು ರಸ್ತೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ಪುಸ್ತಕಗಳಿಗೆ ರಟ್ಟು ಕಟ್ಟುತ್ತ ಬಂದ ಮಲಕಪ್ಪನ ಕೈಯಲ್ಲಿ ಹಾದುಹೋಗದ ವಿದ್ಯೆ ಇರಲಿಲ್ಲ. ಏಪ್ರಿಲ್ ಬಂತೆಂದರೆ ಎಂಜಿನಿಯರಿಂಗ್ ಹುಡುಗರು ತಮ್ಮ ಪ್ರಾಜೆಕ್ಟ್ ವರದಿಗಳನ್ನು ಎದೆಗವಚಿಕೊಂಡು ಓಡಿ ಬರುತ್ತಿದ್ದರು. ಕಪ್ಪು ರಟ್ಟು, ಅದರ ಮೇಲೆ ಬಂಗಾರದ ಅಕ್ಷರ, ಸಂಜೆಯೊಳಗೆ ಬೇಕೇ ಬೇಕು. ಹೃದಯದ ಬಡಿತ, ಮೆದುಳಿನ ಅಲೆ, ಸ್ನಾಯುಗಳ ಸಂಕೇತ ಎಂದೆಲ್ಲ ಆ ಬಂಗಾರದ ಅಕ್ಷರಗಳನ್ನು ಅವನು ಒತ್ತಿದ್ದೇ ಒತ್ತಿದ್ದು. ಒಳಗಿನ ಒಂದು ಹಾಳೆಯನ್ನಾದರೂ ಓದಿದವನಲ್ಲ. 'ನಾವು ಹೊರಗಿನವರು, ನಮ್ಮ ಕೆಲಸ ರಟ್ಟಿಂದು' ಎಂದು ನಗುತ್ತಿದ್ದ. ಅಂಥವನು ಐವತ್ತೆಂಟನೆಯ ವಯಸ್ಸಿನಲ್ಲಿ ತಾನೇ ಒಂದು ವರದಿಯ ಒಳಗೆ ಹೋಗಿ ಕುಳಿತ.

ನಾಲ್ಕು ವರ್ಷಗಳ ಹಿಂದೆ, ಕಾಗದ ಕತ್ತರಿಸುವ ಯಂತ್ರ ಅವನ ಎಡಗೈಯನ್ನು ಮಣಿಕಟ್ಟಿನ ಮೇಲಿನಿಂದ ತೆಗೆದುಕೊಂಡಿತ್ತು. ಗಾಯ ಮಾಯಿತು, ಅಂಗಡಿಯೂ ನಡೆಯಿತು. ಒಂದೇ ಕೈಯಲ್ಲಿ ದಾರ ಪೋಣಿಸುವುದನ್ನು, ಮೊಣಕಾಲಿನಿಂದ ರಟ್ಟು ಅದುಮಿ ಹಿಡಿಯುವುದನ್ನು ಅವನು ಕಲಿತ. ಸ್ವಭಾವತಃ ಗೊಣಗುವ ಮನುಷ್ಯನೂ ಅಲ್ಲ. ಆದರೆ ಬೆಳಗಿನ ಒಂದು ಹೊತ್ತು ಮಾತ್ರ ಅವನ ಎದೆಯಲ್ಲಿ ಏನೋ ಮುರಿದ ಹಾಗಾಗುತ್ತಿತ್ತು. ಸ್ನಾನ ಮಾಡಿ, ಕೊರಳ ಕರಡಿಗೆಯನ್ನು ಬಿಚ್ಚಿ, ಇಷ್ಟಲಿಂಗವನ್ನು ಎಡ ಅಂಗೈಯ ಮೇಲಿಟ್ಟುಕೊಂಡು ಕಣ್ಣು ನೆಟ್ಟು ಕೂರುವುದು ಎಂಟನೆಯ ವಯಸ್ಸಿನಿಂದ ನಡೆದುಬಂದ ರೂಢಿ. ಈಗ ಅಂಗೈಯೇ ಇಲ್ಲ. ಇಂಡಿ ತಾಲೂಕಿನ ಅವನ ಊರಿನ ಮಠದ ಅಜ್ಜನವರು, 'ಬಟ್ಟಲದಾಗ ಇಟ್ಟು ಮಾಡಪಾ, ತಪ್ಪಿಲ್ಲ' ಎಂದು ಅಪ್ಪಣೆ ಕೊಟ್ಟಿದ್ದರು. ತಪ್ಪಿಲ್ಲ ಎಂಬುದು ಮಲಕಪ್ಪನಿಗೂ ಗೊತ್ತಿತ್ತು. ಆದರೆ ಹಿತ್ತಾಳೆಯ ಬಟ್ಟಲು ಬಟ್ಟಲೇ. ಅದರೊಳಗಿನ ಲಿಂಗವನ್ನು ನೋಡುವಾಗ ಯಾರದೋ ಮನೆಯ ದೇವರನ್ನು ಹೊಸ್ತಿಲಾಚೆಯಿಂದ ನೋಡಿದಂತಾಗುತ್ತಿತ್ತು.

ಆದ್ದರಿಂದಲೇ, ಅದೇ ರಸ್ತೆಯ ಕಾಲೇಜಿನ ಪ್ರಯೋಗಾಲಯದವರು ಯಂತ್ರದ ಕೈಯೊಂದನ್ನು ಪರೀಕ್ಷಿಸಲು ಜನ ಬೇಕೆಂದಾಗ, ಅವನು ಮರುಮಾತಿಲ್ಲದೆ ಒಪ್ಪಿಕೊಂಡ. ಏಕೆಂದು ಅವರಿಗೂ ಹೇಳಲಿಲ್ಲ, ಹೆಂಡತಿ ನಾಗವ್ವನಿಗೂ ಹೇಳಲಿಲ್ಲ.

ಕೈಯನ್ನು ತಯಾರಿಸಿದವನು ಅಲ್ಲಿ ಸಂಶೋಧನೆ ಮಾಡುತ್ತಿದ್ದ ಮಿಥುನ, ಚಾಮರಾಜನಗರದ ಕಡೆಯ ಹುಡುಗ. ಪುಣೆಗೆ ಬಂದು ಮೂರು ವರ್ಷವಾಗಿದ್ದರೂ ಕನ್ನಡ ಕಿವಿಗೆ ಬಿದ್ದ ದಿನವನ್ನು ಹಬ್ಬದಂತೆ ಆಚರಿಸುವವನು. ಕೈಯ ಒಳಗಿನ ಎರಡು ಸಣ್ಣ ಲೋಹದ ಗುಂಡಿಗಳನ್ನು ತೋರಿಸಿ ಅವನು ವಿವರಿಸಿದ: "ನೋಡಿ ಕಾಕಾ, ಕೈ ಹೋಗಿದೆ, ಆದ್ರೆ ಕೈಗೆ ಆರ್ಡರ್ ಕೊಡೋ ಮಸಲ್ಸ್ ಮೊಣಕೈ ಕೆಳಗೆ ಇನ್ನೂ ಇವೆ. ಅವು ಬಿಗಿಯಾದಾಗ ಸ್ಕಿನ್ ಮೇಲೆ ಸಣ್ಣದೊಂದು ಕರೆಂಟ್ ಸಿಗುತ್ತೆ. ಈ ಬಟನ್ಸ್ ಅದನ್ನ ಕೇಳಿಸ್ಕೊಂಡು ಬೆರಳಿಗೆ ಹೇಳ್ತವೆ. ಅಷ್ಟೇ."

ಮಲಕಪ್ಪ ಯೋಚಿಸಿ ನೋಡಿದ. "ಅಂದ್ರ ಅಂಗಡಿ ಮುಚ್ಚಿ ನಾಲ್ಕು ವರ್ಷ ಆದ್ರೂ ಗುಮಾಸ್ತ ಮಾತ್ರ ದಿನಾ ಬಂದು ಖುರ್ಚಿ ಮ್ಯಾಲೆ ಕುಂದರತಾನ ಅಂತೀ."

"ಕರೆಕ್ಟ್ ಕಾಕಾ! ಇದನ್ನ ನನ್ನ ಥೀಸಿಸ್‌ನಲ್ಲಿ ಬರೀತೀನಿ."

"ಬರಿ. ಬೈಂಡಿಂಗಿಗೆ ಮಾತ್ರ ನನ್ನ ಕಡೇನ ಬರಬೇಕು ನೋಡು."

ಒಳಮಗ್ಗುಲಿನ ಸ್ನಾಯುವನ್ನು ಬಿಗಿದರೆ ಮುಷ್ಟಿ ಮುಚ್ಚುತ್ತಿತ್ತು, ಹೊರಮಗ್ಗುಲಿನದನ್ನು ಬಿಗಿದರೆ ಅಂಗೈ ತೆರೆಯುತ್ತಿತ್ತು. ಪ್ರಯೋಗಾಲಯದ ಮುಖ್ಯಸ್ಥೆ ಸಾಯಲಿ ಮೇಡಂ ಅವನ ಮೊಂಡುಗೈಯನ್ನು ಸ್ಪಿರಿಟ್ ಹತ್ತಿಯಿಂದ ಚೆನ್ನಾಗಿ ಒರೆಸಿ, ಕೈಯನ್ನು ಸಿಕ್ಕಿಸಿ, ಕಾಗದದ ಲೋಟವೊಂದನ್ನು ಮುಂದಿಟ್ಟರು. ಲೋಟ ನುಗ್ಗಾಗದಂತೆ ಮಲಕಪ್ಪ ಅದನ್ನೆತ್ತಿದ. "ಛಾನ್, ಕಾಕಾ!" ಎಂದು ಅವರು ಚಪ್ಪಾಳೆ ತಟ್ಟಿ, ದಿನವೂ ಬಳಸಿ ನೋಡಲೆಂದು ಕೈಯನ್ನು ಮನೆಗೆ ಕೊಟ್ಟು ಕಳಿಸಿದರು.

ಮರುದಿನದ ಬೆಳಿಗ್ಗೆಗಾಗಿ ಅವನು ಮದುಮಗನಂತೆ ಕಾದ. ಐದಕ್ಕೆ ಎದ್ದು ಸ್ನಾನ ಮಾಡಿದ, ವಿಭೂತಿ ಧರಿಸಿದ, ಯಂತ್ರದ ಕೈಯನ್ನು ತೊಟ್ಟು ಮಣೆಯ ಮೇಲೆ ಕುಳಿತ. ಆರೂಕಾಲು. ಅಂಗೈ ತೆರೆಯಿತು. ಬಲಗೈಯಲ್ಲಿ ಕರಡಿಗೆಯಿಂದ ಲಿಂಗವನ್ನೆತ್ತಿ ಅಂಗೈಯ ಹತ್ತಿರ ತಂದಾಗ, ರಬ್ಬರಿನ ಐದು ಬೆರಳುಗಳೂ ಚಳಿಜ್ವರ ಬಂದಂತೆ ನಡುಗತೊಡಗಿದವು. ಅವನು ಕಾದ. ನಡುಕ ನಿಲ್ಲಲಿಲ್ಲ. ಆ ದಿನ ಮತ್ತೆ ಬಟ್ಟಲೇ ಗತಿಯಾಯಿತು.

ವಿಚಿತ್ರವೆಂದರೆ, ಹತ್ತು ಗಂಟೆಗೆ ಅಂಗಡಿಯಲ್ಲಿ ಅದೇ ಕೈ ಕಾಗದದ ಕಟ್ಟನ್ನು ಹಿಡಿಯಿತು, ಅಂಟಿನ ಡಬ್ಬಿಯ ಮುಚ್ಚಳ ತಿರುಗಿಸಿತು, ಮಧ್ಯಾಹ್ನದ ಹೊತ್ತಿಗೆ ಹೇಳಿದ್ದನ್ನೆಲ್ಲ ಕೇಳಿತು. ಮರುದಿನ ಆರೂಕಾಲಿಗೆ ಮತ್ತೆ ನಡುಕ. ಹೀಗೆಯೇ ಐದು ದಿನ ನಡೆಯಿತು. ಆರನೆಯ ದಿನ, ತಿಂಗಳ ಹದಿನೇಳನೆಯ ತಾರೀಖು, ನಡುಕ ತುಸು ಕಡಿಮೆಯಾದಂತೆ ಕಂಡಾಗ ಅವನು ಧೈರ್ಯ ಮಾಡಿ ಲಿಂಗವನ್ನು ಅಂಗೈಯ ಮೇಲಿಟ್ಟೇಬಿಟ್ಟ. ಬೆರಳುಗಳು ಒಮ್ಮೆಲೇ ಹಾರಿ ಮುಚ್ಚಿಕೊಂಡವು. ಲಿಂಗ ಸಿಡಿದು ಕಂಬಳಿಯ ಮೇಲೆ ಬಿತ್ತು.

ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಡೆದೇ ಇತ್ತು. ಮಲಕಪ್ಪ ಲಿಂಗವನ್ನು ಎತ್ತಿ ಕಣ್ಣಿಗೊತ್ತಿಕೊಂಡ. ಹೊಟ್ಟೆ ಸರಿಯಿಲ್ಲವೆಂದು ಹೇಳಿ ಆ ದಿನ ತಿನ್ನುವ ಏನನ್ನೂ ಮುಟ್ಟಲಿಲ್ಲ. ಅವನಿಗೆ ಎಲ್ಲವೂ ತಿಳಿದುಹೋಗಿತ್ತು. ಲೋಟಕ್ಕೆ ಆಗುತ್ತದೆ, ಅಂಟಿಗೆ ಆಗುತ್ತದೆ, ಪೂಜೆಗೊಂದೇ ಆಗುವುದಿಲ್ಲ. ಅಂದರೆ ಈ ಕೈ ಆ ಲಿಂಗಪ್ಪನಿಗೆ ಒಪ್ಪಿಗೆಯಿಲ್ಲ; ಒಪ್ಪಿಗೆಯಿಲ್ಲದ ಕೈ ತನಗೂ ಬೇಡ.

ಸೋಮವಾರ ಅವನು ಕೈಯನ್ನು ಬಟ್ಟೆಯಲ್ಲಿ ಸುತ್ತಿ ತಂದು ಪ್ರಯೋಗಾಲಯದ ಮೇಜಿನ ಮೇಲಿಟ್ಟ. "ಮತ್ತ ಯಾರಿಗಾದ್ರೂ ಕೊಡ್ರಿ. ನನಗ ಹೊಂದವಲ್ದು."

ಸಾಯಲಿ ಮೇಡಂ ಗಾಬರಿಯಾದರು. ಸ್ಪಿರಿಟ್ ಹತ್ತಿ ಬಂತು, ಮೊಂಡುಗೈ ಸ್ವಚ್ಛವಾಯಿತು, ಲೋಟವೂ ಎದ್ದಿತು. ಒಂದು ಹನಿ ನೀರೂ ತುಳುಕಲಿಲ್ಲ. 'ಇಷ್ಟು ಚೆಂದ ನಡೆಯುತ್ತಿದೆಯಲ್ಲ, ಕಾಕಾ' ಎಂದು ಅವರು ಮರಾಠಿಯಲ್ಲಿ ಕೇಳಿದರೆ ಮಲಕಪ್ಪ ಕೈಯನ್ನು ಬಿಚ್ಚಿ ಮತ್ತೆ ಮೇಜಿನ ಮೇಲಿಟ್ಟ.

ಮಿಥುನ ಮಾತ್ರ ಕೈಗೆ ವೈರು ಸಿಕ್ಕಿಸಿ ಲ್ಯಾಪ್‌ಟಾಪ್ ನೋಡುತ್ತಿದ್ದ. ಕೈ ಕೇಳಿಸಿಕೊಂಡದ್ದೆಲ್ಲವೂ ಅದರೊಳಗೆ ಗೆರೆಗಳಾಗಿ ದಾಖಲಾಗಿರುತ್ತಿತ್ತು. "ಕಾಕಾ, ಏನಿದು? ದಿನಾ ಬೆಳಿಗ್ಗೆ ಆರೂಕಾಲಿಗೆ ಮೀನಿನ ಮಾರ್ಕೆಟ್ ಥರ ಗಲಾಟೆ. ಹತ್ತು ಗಂಟೆ ಮೇಲೆ ಎಲ್ಲ ಕ್ಲೀನ್. ಹದಿನೇಳನೇ ತಾರೀಖಿಂದ ಈಚೆಗೆ ಬೆಳಿಗ್ಗೆ ಏನೂ ಇಲ್ಲ. ಆರೂಕಾಲಿಗೆ ಏನ್ ಮಾಡ್ತೀರಾ ನೀವು?"

"ಏನಿಲ್ಲ. ಸುಮ್ನ ಕುಂದರತೀನಿ."

"ಸುಮ್ನೆ ಕೂತ್ರೆ ಇಷ್ಟು ಗಲಾಟೆ ಬರಲ್ಲ. ನಾಳೆ ಮನೆಗೆ ಬರ್ತೀನಿ. ನೀವು ಸುಮ್ನೆ ಕೂರೋದನ್ನ ನಾನೂ ನೋಡ್ತೀನಿ. ಆಮೇಲೂ ಬೇಡ ಅಂದ್ರೆ ಕೈ ವಾಪಸ್ ತಗೊಂಡ್ ಹೋಗ್ತೀನಿ."

ಹಾಗೆ ಹೇಳಿದವನು ಬಂದೇಬಿಟ್ಟ. ಯೆರವಡಾದಿಂದ ಇಡೀ ಊರನ್ನು ದಾಟಿ, ಜನವರಿಯ ಚಳಿಯಲ್ಲಿ ಬೈಕ್ ಓಡಿಸಿಕೊಂಡು, ಆರಕ್ಕೆ ಹತ್ತು ನಿಮಿಷವಿರುವಾಗ ಬಾಗಿಲಲ್ಲಿ ನಿಂತ ಹುಡುಗನನ್ನು ಕಂಡು ನಾಗವ್ವ ಸೆರಗಿನಿಂದ ಬಾಯಿ ಮುಚ್ಚಿದಳು. "ಅಯ್ಯ ಎಪ್ಪಾ, ಮೂಗು ಗಜ್ಜರಿ ಹಂಗ ಕೆಂಪಗ ಆಗ್ಯದ! ಬಾ, ಒಳಗ ಬಾ. ಮದಲ ಚಾ ಕುಡಿ. ಇಷ್ಟೊತ್ತಿನ್ಯಾಗ ಮನಿ ಬಿಟ್ಟ ಮ್ಯಾಲೆ ಇನ್ನೂ ಮದಿವಿ ಆಗಿಲ್ಲ ಅನ್ನೂದು ಖರೇ ಆತು."

"ಮೊದಲು ಕೈ ರೆಡಿ ಆಗ್ಲಿ ಅತ್ತೆ, ಆಮೇಲೆ ಮದುವೆ."

ಮಲಕಪ್ಪ ಆಗಷ್ಟೇ ಸ್ನಾನ ಮುಗಿಸಿ ಬಂದಿದ್ದ. ಹುಡುಗನ ಮುಂದೆ ಕೈಯನ್ನು ತೊಟ್ಟು ತೋರಿಸಿಬಿಟ್ಟರೆ ಮಾತು ಮುಗಿಯುತ್ತದೆ ಎಂದುಕೊಂಡು ಎಂದಿನಂತೆ ಮಣೆಯ ಮೇಲೆ ಕುಳಿತ. ನಾಗವ್ವ ವಿಭೂತಿಯನ್ನು ನೀರಿನಲ್ಲಿ ತೇಯ್ದು ಅವನ ಬಲತೋಳಿಗೆ ಮೂರು ಬೆರಳಿನ ಗೆರೆ ಎಳೆದಳು. ನಾಲ್ಕು ವರ್ಷಗಳಿಂದ ಅದು ಅವಳ ಕೆಲಸ. ಎಡಗಡೆಯದನ್ನು ಅವನೇ ಬಲಗೈಯಿಂದ ಮಾಡಿಕೊಳ್ಳುತ್ತಿದ್ದ: ರಟ್ಟೆಗೆ ಒಮ್ಮೆ, ಮೊಣಕೈಯ ಕೆಳಗೆ ಸುತ್ತಲೂ ಇನ್ನೊಮ್ಮೆ, ದಪ್ಪನಾಗಿ. ಬೂದಿ ಆರಿ ಬೆಳ್ಳಗಾಗುವವರೆಗೆ ಊದಿ, ಅದರ ಮೇಲೆ ಕೈಯನ್ನು ಸಿಕ್ಕಿಸಿದ.

ಬೆರಳುಗಳು ನಡುಗಿದವು.

"ನೋಡ್ದೇನು?" ಎಂದ ಮಲಕಪ್ಪ. ಬಚ್ಚಿಟ್ಟದ್ದು ತಾನಾಗಿಯೇ ಹೊರಬಂತು. "ಹದಿನೇಳಕ್ಕ ಲಿಂಗಪ್ಪನ್ನ ಕೆಡವಿತು ಇದು. ಕಂಬಳಿ ಮ್ಯಾಲೆ ಬಿದ್ದ. ನಿನ್ನ ಯಂತ್ರದ್ದೇನೂ ತಪ್ಪಿಲ್ಲ, ತಮ್ಮಾ. ಅವಗ ಈ ಕೈ ಬ್ಯಾಡಾಗ್ಯದ."

ನಾಗವ್ವ ಕೈಯಲ್ಲಿದ್ದ ವಿಭೂತಿಯ ಬಟ್ಟಲನ್ನು ಕೆಳಗಿಟ್ಟಳು. "ಅದಕ್ಕ ಅವತ್ತು ಹೊಟ್ಟಿ ಸರಿ ಇಲ್ಲಂತ ಉಪಾಸ ಬಿದ್ರೇನು? ನಾನು ಓಂಕಾಳು ಕುದಿಸಿ ಕುದಿಸಿ ಕೊಟ್ಟೆ, ಅದನ್ನೂ ಸುಮ್ನ ಕುಡಿದ್ರಿ!"

ಮಿಥುನನ ಕಣ್ಣು ಮಾತ್ರ ಇಬ್ಬರ ಮೇಲೂ ಇರಲಿಲ್ಲ. ಅವನು ಕೈಯನ್ನು ಮೆಲ್ಲನೆ ಬಿಚ್ಚಿ ತಿರುಗಿಸಿದ. ಒಳಗಿನ ಎರಡು ಲೋಹದ ಗುಂಡಿಗಳ ಮೇಲೆ ಬಿಳಿಯ ಪುಡಿ ಕುಳಿತಿತ್ತು. ಅದನ್ನು ಬೆರಳಿನಿಂದ ಮುಟ್ಟಿ, ಮೂಸಿ, ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುವವನಂತೆ ಹಿಂದಕ್ಕೆ ಒರಗಿದ.

"ಅಯ್ಯೋ ಕಾಕಾ! ಅವನಿಗೆ ಬೇಡ ಅಂತ ಅಲ್ಲ. ಬೂದಿ ಮಧ್ಯ ಬಂದ್ರೆ ಬಟನ್ಸ್‌ಗೆ ಸ್ಕಿನ್ ಸಿಗಲ್ಲ. ಮಸಲ್ ಹೇಳೋದು ಕೇಳಿಸಲ್ಲ, ಬರೀ ಗಲಾಟೆ ಕೇಳಿಸುತ್ತೆ. ಅದನ್ನೇ ಆರ್ಡರ್ ಅಂದ್ಕೊಂಡು ಕೈ ಒದ್ದಾಡುತ್ತೆ. ಹತ್ತು ಗಂಟೆ ಹೊತ್ತಿಗೆ ಬೆವರು ಬಂದು ಬೂದಿ ಒದ್ದೆ ಆಗುತ್ತೆ, ಕಾಂಟ್ಯಾಕ್ಟ್ ಸಿಗುತ್ತೆ, ಎಲ್ಲ ಸರಿ. ಲ್ಯಾಬಲ್ಲಿ ನಾವೇ ಪ್ರತಿ ಸಲ ಸ್ಪಿರಿಟಲ್ಲಿ ಒರೆಸ್ಕೊಂಡು ಕೂತಿದ್ವಿ. ನಮಗೆಲ್ಲಿಂದ ಗೊತ್ತಾಗ್ಬೇಕು?"

ಮಲಕಪ್ಪ ಆ ಪುಡಿಯನ್ನು ತಾನೂ ಬೆರಳಿನಿಂದ ಮುಟ್ಟಿ ನೋಡಿದ. ಎದೆಯ ಮೇಲಿನ ಒಂದು ರೀಮು ಕಾಗದವನ್ನು ಯಾರೋ ಇಳಿಸಿದಂತಾಯಿತು. ಆದರೆ ಮಿಥುನ ಮುಂದುವರಿದು, "ಸಿಂಪಲ್ ಕಾಕಾ, ಎಡಗೈಗೆ ವಿಭೂತಿ ಹಚ್ಬೇಡಿ, ಅಷ್ಟೇ" ಎಂದಾಗ ಇಳಿದ ರೀಮು ಮತ್ತೆ ಏರಿ ಕುಳಿತಿತು.

"ಬರಿಗೈಲೇ ಪೂಜಾನ? ಲಿಂಗ ಹಿಡಿಯೂ ಕೈಗೇ ವಿಭೂತಿ ಇಲ್ಲಂದ್ರ ಹ್ಯಾಂಗೋ ತಮ್ಮಾ? ಐವತ್ತು ವರ್ಷದಾಗ ಒಂದು ದಿನಾ ಹಂಗ ಕುಂತಿಲ್ಲ."

ಒಲೆಯ ಮೇಲಿನ ಚಹಾ ಉಕ್ಕುವ ಸದ್ದು ಕೇಳಿ ನಾಗವ್ವ ಎದ್ದು ಹೋಗಿ ಆರಿಸಿ ಬಂದಳು. ಬಂದವಳು ಒದ್ದೆ ಬಟ್ಟೆಯೊಂದನ್ನು ತಂದಿದ್ದಳು. ಗಂಡನ ಮೊಂಡುಗೈಯ ಮೇಲಿನ ಬೂದಿಯನ್ನು ಮೊಣಕೈಯವರೆಗೆ ಒರೆಸಿದಳು. ಗುಂಡಿಗಳನ್ನು ಒರೆಸಲು ಮಿಥುನನಿಗೆ ಕಣ್ಸನ್ನೆ ಮಾಡಿದಳು.

"ಹಾಕ್ಕೋರಿ ಕೈ" ಎಂದಳು.

"ಏ, ವಿಭೂತಿ..."

"ಮದಲ ಹಾಕ್ಕೋರಿ ಅಂದೆ."

ಅವನು ತೊಟ್ಟುಕೊಂಡ. ನಾಗವ್ವ ಬಟ್ಟಲಿನಲ್ಲಿ ಮೂರು ಬೆರಳು ಅದ್ದಿ, ಯಂತ್ರದ ಮುಂಗೈಯ ಕಪ್ಪು ಪ್ಲಾಸ್ಟಿಕ್ಕಿನ ಮೇಲೆ ಅಡ್ಡಲಾಗಿ ಮೂರು ಗೆರೆ ಎಳೆದಳು. ಬಲತೋಳಿಗೆ ಎಳೆದಷ್ಟೇ ನೆಟ್ಟಗೆ, ಅಷ್ಟೇ ಅಗಲವಾಗಿ. "ಒಳಗಿಂದು ಮೊಂಡು. ಕೈ ಅಂದ್ರ ಈಗ ಇದ ಅಲ್ಲೇನು? ಕೈಗೆ ಹಚ್ಚಬೇಕು, ಕೈಗೆ ಹಚ್ಚೀನಿ. ನಿಮ್ಮ ದೇವರಿಗೆ ನಾ ಹೇಳ್ತೀನಿ ಬೇಕಾದ್ರ."

ಮಲಕಪ್ಪ ಗೆರೆಗಳನ್ನು ನೋಡಿದ. ಕಪ್ಪಿನ ಮೇಲೆ ಬಿಳುಪು ಎದ್ದು ಕಾಣುತ್ತಿತ್ತು. ಅವನು ಕಟ್ಟಿದ ಯಾವ ರಟ್ಟಿನ ಮೇಲೂ ಅಕ್ಷರ ಅಷ್ಟು ಚೆಂದ ಕೂತಿರಲಿಲ್ಲ.

ಚಹಾ ಆರುವಷ್ಟರಲ್ಲಿ ಮಿಥುನ ಲ್ಯಾಪ್‌ಟಾಪಿನಲ್ಲಿ ಏನನ್ನೋ ಬರೆದು ಕೈಗೆ ಕಳಿಸಿದ. "ಒಂದ್ ಲಾಕ್ ಹಾಕಿದೀನಿ ಕಾಕಾ. ಅಂಗೈ ತೆಗೆದು ಮೂರು ಎಣಿಸೋವರೆಗೆ ಹಾಗೇ ಹಿಡೀರಿ. ಆಮೇಲೆ ನೀವು ಸೀನಿದ್ರೂ ಅದು ಮುಚ್ಚಲ್ಲ. ಪೂಜೆ ಮುಗಿದ ಮೇಲೆ ಮೂರು ಸಲ ಜೋರಾಗಿ ಮುಷ್ಟಿ ಹಿಡಿಯೋ ಥರ ಬಿಗಿ ಮಾಡಿದ್ರೆ ಬಿಡುತ್ತೆ. ಮೊದಲು ಬೇರೆ ಏನಾದ್ರೂ ಇಟ್ಟು ನೋಡೋಣ."

ನಾಗವ್ವ ಒಂದು ನಿಂಬೆಹಣ್ಣು ತಂದಳು. ಅಂಗೈ ತೆರೆಯಿತು, ನಿಂಬೆಹಣ್ಣು ಅದರ ನಡುವೆ ಕೂತಿತು. ಒಂದು ನಿಮಿಷವಾಯಿತು, ಎರಡಾಯಿತು. ಮಿಥುನ ಬೇಕೆಂದೇ ಕಿವಿಯ ಹತ್ತಿರ ಚಪ್ಪಾಳೆ ತಟ್ಟಿದ. ನಿಂಬೆಹಣ್ಣು ಅಲುಗಲಿಲ್ಲ.

ಮಲಕಪ್ಪ ಅದನ್ನು ತೆಗೆದಿಟ್ಟು, ರಬ್ಬರಿನ ಅಂಗೈಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಕರಡಿಗೆಯನ್ನು ಬಿಚ್ಚಿದ. ಎಡಗೈ ನಡುಗಲಿಲ್ಲ. ಲಿಂಗವನ್ನು ಅಂಗೈಯ ಮೇಲಿಟ್ಟು, ಎದೆಯ ಮಟ್ಟಕ್ಕೆ ತಂದು, ಒಂದು ಹೂವಿನ ಎಸಳಿಟ್ಟು ಕಣ್ಣು ನೆಟ್ಟ. ನಾಲ್ಕು ವರ್ಷಗಳ ಮೇಲೆ ಅದು ಅವನ ಉಸಿರು ತಾಗುವಷ್ಟು ಹತ್ತಿರ ಬಂದಿತ್ತು. ಹೊಸ್ತಿಲಾಚೆ ಯಾರೂ ಇರಲಿಲ್ಲ. ಕಾತ್ರಜದ ಕಡೆಗೆ ಹೊರಟ ಬಸ್ಸಿನ ಹಾರ್ನು ಕೇಳಿ ದೂರವಾಯಿತು. ಗೋಡೆಯ ಪಕ್ಕದಲ್ಲಿ ಮಿಥುನ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಉಸಿರು ಬಿಗಿಹಿಡಿದಿದ್ದ. ನಾಗವ್ವ ಅವನ ಹೆಗಲ ಮೇಲಿಂದ ಬಗ್ಗಿ ಪರದೆ ನೋಡುತ್ತಿದ್ದಳು.

"ಏ ತಮ್ಮಾ" ಎಂದು ಅವಳು ಪಿಸುಗುಟ್ಟಿದ್ದು ಮಲಕಪ್ಪನಿಗೆ ಕೇಳಿಸಿತು. "ಗೆರಿ ಪೂರಾ ನೆಟ್ಟಗಾಗ್ಯದಲ್ಲೋ! ಸಿನಿಮಾದಾಗ ಗೆರಿ ಹಿಂಗಾತು ಅಂದ್ರ ಡಾಕ್ಟರ್ ಬಂದು ಮಾರಿ ಮ್ಯಾಲೆ ಬಟ್ಟಿ ಎಳೀತಾನ. ಇವರು ಕಣ್ಣು ಮಿಟಕಸವಲ್ರು ಬ್ಯಾರೆ!"

"ಅತ್ತೆ, ಅದು ಹಾರ್ಟ್ ಗೆರೆ. ಇದು ಕೈದು. ಕೈ ಆರಾಮಾಗಿದ್ರೆ ಹೀಗೇ ಇರೋದು. ಶ್!"

"ಹಂಗಂದ್ರ ಅರಾಮ ಇದ್ದಾರ? ಒಂದು ಸಲ ಕರದು ನೋಡಲೇನು?"

ಮಲಕಪ್ಪ ತಡೆದುಕೊಳ್ಳಲು ನೋಡಿದ. ತುಟಿ ಬಿಗಿದ, ಉಸಿರು ಕಟ್ಟಿದ. ಆದರೂ ನಗು ಹೊಟ್ಟೆಯಿಂದ ಎದ್ದು ಹೆಗಲವರೆಗೆ ಬಂತು. ಹೆಗಲು ಕುಲುಕಿತು, ಕಣ್ಣಂಚಿನಲ್ಲಿ ನೀರು ತುಂಬಿತು. ಪರದೆಯ ಮೇಲೆ ನೆಟ್ಟಗಿದ್ದ ಗೆರೆ ಗುಡ್ಡಬೆಟ್ಟವಾಗಿ ಎದ್ದಿತೆಂದು ಮಿಥುನ ಆಮೇಲೆ ಹೇಳಿದ. ಆದರೆ ಮೂರು ಬಿಳಿಯ ಗೆರೆಗಳ ಆ ಕೈ ತೆರೆದದ್ದು ತೆರೆದಂತೆಯೇ ಇತ್ತು, ಅದರ ಮೇಲಿನ ಲಿಂಗ ಇಟ್ಟಲ್ಲಿಂದ ಒಂದು ಎಳ್ಳಿನಷ್ಟೂ ಕದಲಲಿಲ್ಲ.