ಹಗಲು ನಿದ್ದೆಯ ಕೀಲಿ

ಬೆಳಕಿಂಡಿಯ ಬಿಸಿಲು ಗೋಡೆಯಿಂದ ಇಳಿದು ಮೊಣಕೈ ಮೇಲೆ ಬಂತು, ಅಂದರೆ ಹನ್ನೊಂದಾಗಿರಬೇಕು, ಇನ್ನೂ ಕಣ್ಣು ಹತ್ತಿಲ್ಲ, ಎದೆಯಲ್ಲಿ ಹುಳಿ ಉರಿಯುತ್ತಿದೆ, ಎಂಟಕ್ಕೆ ತಿಂದ ರೊಟ್ಟಿ ರಾತ್ರಿಯ ಊಟವೋ ನಾಷ್ಟಾವೋ ಹೊಟ್ಟೆಗೇ ಗೊತ್ತಿಲ್ಲ — ಮೂರು ವಾರಕ್ಕೆ ಮೂರು ಪಾಳಿ, ಹೊತ್ತಿಗೆ ಸರಿಯಾಗಿ ಉಣ್ರಿ ಎಂದು ರೋಗಿಗಳಿಗೆ ಬುದ್ಧಿ ಹೇಳುವವಳೂ ನಾನೇ, ನಗು ಬರುತ್ತದೆ, ಮಲಗಬೇಕು, ಅದಕ್ಕೇ ಅಲ್ಲವೇ ಹೊರಗಿನಿಂದ ಕೀಲಿ ಹಾಕಿಸಿಕೊಂಡಿದ್ದು, ಇಲ್ಲದಿದ್ದರೆ ಸಿಸ್ಟರ್ ಬಿಪಿ ನೋಡ್ರಿ, ಸಿಸ್ಟರ್ ಒಂದ ಇಂಜೆಕ್ಷನ್ ಮಾಡ್ರಿ, ಸವದತ್ತಿಯ ಈ ಓಣಿಗೆಲ್ಲ ನನ್ನ ಮನೆಯೇ ದವಾಖಾನೆ. ಪಕ್ಕದ ಮನೆಯ ಚನ್ನವ್ವ ಎಂಟೂವರೆಗೆ ಕೀಲಿ ಜಡಿದು ಶೇಂಗಾ ಒಡೆಯಲು ಹೋಗುತ್ತಾಳೆ, ಎರಡಕ್ಕೆ ಬಂದು ತೆಗೆಯುತ್ತಾಳೆ, ನೀ ಒಳಗ ಸತ್ರೂ ಯಾರಿಗೂ ಗೊತ್ತಾಗೂದಿಲ್ಲ ನೋಡವಾ ಎಂದು ನಗುತ್ತಾಳೆ, ನಾನೂ ನಗುತ್ತೇನೆ, ಆಮೇಲೆ ಒಬ್ಬಳೇ ಬಿದ್ದುಕೊಂಡು ಅದನ್ನೇ ಯೋಚಿಸುತ್ತೇನೆ.

ಪ್ರಣಿತಾ ಜೊತೆಗಿದ್ದಿದ್ದರೆ — ರಾತ್ರಿ ಪಾಳಿಗೆ ಹೋದರೆ ಐದು ವರ್ಷದ ಮಗಳನ್ನು ಯಾರು ನೋಡಿಕೊಳ್ಳಬೇಕು, ಹೂಲಿಯಲ್ಲಿ ಅವ್ವನ ಹತ್ತಿರ ಬಿಟ್ಟು ಎಂಟು ತಿಂಗಳು, ಹೋದ ಸಲ ತನ್ನ ಆಯಿಯ, ನನ್ನ ಅವ್ವನ, ಸೆರಗಿನ ಹಿಂದೆ ನಿಂತು ನನ್ನನ್ನು ಪರಕೀಯಳ ಹಾಗೆ ನೋಡಿತು, ಬುಧವಾರ ಕರ್ಕೊಂಡ ಬಾ ಬೇ, ಮಧ್ಯಾಹ್ನದ ಪಾಳಿ ಐತಿ, ಮುಂಜಾನಿ ಮನ್ಯಾಗ ಇರತೇನಿ ಎಂದು ಹೇಳಿ ಬಂದೆ, ಭಾನುವಾರ ಪಾಳಿ ರಾತ್ರಿಗೆ ಬದಲಾಯಿತು, ಎಸ್‌ಟಿಡಿ ಬೂತಿನಿಂದ ತಿಳಿಸಬೇಕಿತ್ತು, ತಿಳಿಸಿದೆನೋ ಇಲ್ಲವೋ, ಇವತ್ತು ಯಾವ ವಾರ — ಯಾರೋ ಬಾಗಿಲು ನೂಕುತ್ತಿದ್ದಾರೆ, ಉಸಿರು ಬಿಗಿಹಿಡಿದರೆ ಹೋಗುತ್ತಾರೆ, ಎರಡು ಕದಗಳ ನಡುವೆ ಸಂದಿ ಬಿಟ್ಟಿತು, ಅದರಲ್ಲಿ ಎರಡು ಪುಟ್ಟ ಬೆರಳು, ಉಗುರಿಗೆ ಮದರಂಗಿ, ಓಣಿಯ ಯಾವುದೋ ಹುಡುಗಿ, ತಲೆನೋವಿನ ಗುಳಿಗೆಗೆ ಅವರವ್ವ ಕಳಿಸಿರಬೇಕು, ಸುಮ್ಮನೆ ಮಲಗಿದೆ, ಬೆರಳುಗಳು ಗಾಳಿಯಲ್ಲಿ ಏನೋ ತಡವಿದವು, ಹಿಂದಕ್ಕೆ ಹೋದವು. ಆಯಿ, ಕೀಲಿ ಐತಿ. ಅಯ್ಯ, ಡ್ಯೂಟಿಗಿ ಹೋಗ್ಯಾಳೇನ, ನಡಿ, ಬಸ್ ತಪ್ಪತೈತಿ. ನಾ ಹೇಳಿದ್ದಿಲ್ಲೇನ ಆಯಿ, ಆಕಿ ಇರೂದಿಲ್ಲಂತ. ಅವ್ವನ ದನಿ, ನನ್ನ ಮಗಳ ದನಿ — ಎದ್ದೆ, ಕಾಲಿಗೆ ಚಾದರ ಸುತ್ತಿಕೊಂಡಿತು, ಬಿದ್ದೆ, ಸಂದಿಗೆ ಬಾಯಿಟ್ಟು ಕೂಗಿದೆ, ಪ್ರಣೀ, ಅದೇನಿ, ನಾ ಒಳಗ ಅದೇನಿ, ಓಣಿಯಲ್ಲಿ ಬಿಸಿಲು ಬಿಟ್ಟರೆ ಯಾರೂ ಇಲ್ಲ, ಸಂಜೆ ಹೂಲಿಗೆ ಹೋಗಿ ಹೇಳುತ್ತೇನೆ, ಒಳಗೇ ಇದ್ದೆ ಎಂದು, ಇದ್ದರೆ ಓ ಅನ್ನಬಾರದಿತ್ತೇ ಎಂದು ಕೇಳಿದರೆ, ನಿನ್ನ ಬೆರಳು ನೋಡಿದೆ ಮಗಳೇ, ನೋಡಿಯೂ ಗುರುತು ಹತ್ತಲಿಲ್ಲ ಎಂದು ಯಾವ ಬಾಯಿಂದ ಹೇಳಲಿ, ಹೆತ್ತವಳು ನಾನು, ಉಗುರಿಗೆ ಮದರಂಗಿ ಯಾರು ಹಚ್ಚಿದರೋ, ಸಂದಿಯಲ್ಲಿ ಎರಡು ಬೆರಳು, ಒಳಗೆ ತಡವುತ್ತಿದ್ದ ಎರಡು ಬೆರಳು, ಎರಡು ಬೆರಳು