ಹೂಂಗುಟ್ಟುವ ಡಾಕ್ಟರು

ಕಿವಿ ಕೇಳಿಸದವನಿಗೆ ಇದಕ್ಕಿಂತ ಒಳ್ಳೆಯ ಕಸುಬು ೧೯೧೨ರ ನ್ಯೂಯಾರ್ಕಿನಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ. ರೋಗಿ ಮಂಚದ ಮೇಲೆ ಮಲಗಿ ಮನಸ್ಸಿಗೆ ಬಂದದ್ದನ್ನೆಲ್ಲ ಹೇಳಬೇಕು. ಡಾಕ್ಟರು ರೋಗಿಯ ತಲೆಯ ಹಿಂದೆ, ಕಣ್ಣಿಗೆ ಬೀಳದ ಹಾಗೆ ಕೂತು, ಆಗಾಗ ಹೂಂ ಅನ್ನಬೇಕು. ಏಮಸ್ ಥ್ಯಾಕ್ಸ್ಟರ್ ಈ ವಿದ್ಯೆಯನ್ನು ವಿಯೆನ್ನಾಕ್ಕೆ ಹೋಗಿ ಕಲಿತು ಬಂದಾಗ ಅವರ ಕಿವಿ ನೆಟ್ಟಗಿತ್ತು. ರೋಗಿಗಳ ಮೈಗೆ ಕರೆಂಟು ಕೊಡುವ ಯಂತ್ರವನ್ನು ಅಟ್ಟಕ್ಕೆ ಹಾಕಿ, ಮಾತಿನಿಂದಲೇ ಮನಸ್ಸಿನ ಕಾಯಿಲೆ ಬಿಡಿಸುತ್ತೇನೆಂದು ಹೊರಟಾಗ ವೈದ್ಯರ ಸಂಘದಲ್ಲಿ ನಗದವರೇ ಇಲ್ಲ. "ಹರಟೆಗೂ ಫೀಸು ತಗೋತೀಯಂತಲ್ಲಯ್ಯಾ" ಎಂದು ಗೆಳೆಯರೇ ಕಾಲೆಳೆದರು. ಅಂಥವರ ನಡುವೆ ಹೆಸರು ಮಾಡಿದ ಮನುಷ್ಯ, ಈಗ ಕಿವಿ ಹೋಗುತ್ತಿದೆಯೆಂದು ಯಾರ ಮುಂದೆ ಬಾಯಿ ಬಿಡಬೇಕು?

ಬಿಡಲಿಲ್ಲ. ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡರು. ಅರ್ಧ ಕೇಳಿಸಿದ್ದನ್ನು ಊಹೆಯಿಂದ ತುಂಬಿಕೊಂಡರು, ಏನೂ ಕೇಳಿಸದಿದ್ದಾಗ ಹೂಂ ಎಂದರು. ರೋಗಿಗಳಿಗೋ, ಆ ಹೂಂನಲ್ಲಿ ಆಳವಾದ ಅರ್ಥವೇ ಕಂಡಿತು. ಮನೆಗೆಲಸದ ಡೀಲಿಯಾಗೆ ಮಾತ್ರ ನಿಜ ಗೊತ್ತು.

"ಕಿವಿಗೊಂದು ಕೊಳವೆ ಇಟ್ಕೊಳ್ಳಿ ಅಂದ್ರೆ ಮರ್ಯಾದೆ ಹೋಗುತ್ತೆ ಅಂತೀರಿ. ಕೂಗಿ ಕೂಗಿ ನನ್ನ ಗಂಟಲು ಹೋಯ್ತಲ್ಲ, ಅದಕ್ಕೇನು ಮಾಡ್ಲಿ?" ಎಂದು ಅವಳು ಗೊಣಗುವಳು. ಗೊಣಗಿದ್ದೂ ಅವರಿಗೆ ಕೇಳಿಸುತ್ತಿರಲಿಲ್ಲ.

ಅಕ್ಟೋಬರಿನ ಒಂದು ಮಧ್ಯಾಹ್ನ ಮಿಸ್ ವಿನಿಫ್ರೆಡ್ ಪೆಲ್ ಬಂದರು. ಬ್ರೂಕ್ಲಿನ್ನಿನ ಶಾಲೆಯಲ್ಲಿ ಟೀಚರು, ಮದುವೆಯಿಲ್ಲ, ಮೆತ್ತನೆಯ ದನಿ. ಮನೆಗೆ ಹೋಗುವ ದಾರಿಯಲ್ಲಿ ಸೇತುವೆ ದಾಟುವಾಗ ಕಾಲು ತಾನಾಗಿ ಅಂಚಿನ ಕಂಬಿಗಳ ಕಡೆಗೆ ಎಳೆಯುತ್ತದೆ ಎಂದು ಹಿಂದೆ ಒಮ್ಮೆ ಹೇಳಿದ್ದರು. ಅದು ಡಾಕ್ಟರಿಗೆ ಕೇಳಿಸಿತ್ತು. ಇವತ್ತು ಅವರು ಬಿಡುವಿಲ್ಲದೆ ಮಾತಾಡಿದರು. ಭುಜ ಅಲುಗುತ್ತಿತ್ತು, ಅಳುತ್ತಿದ್ದರು. ಡಾಕ್ಟರಿಗೆ ಪಕ್ಕದ ಕೋಣೆಯಲ್ಲಿ ನೀರು ಕುದಿಯುವಷ್ಟು ಸದ್ದು ಮಾತ್ರ ಬಂತು. ಹೂಂ ಎಂದರು.

ಮಿಸ್ ಪೆಲ್ ಎದ್ದು ಟೋಪಿಗೆ ಪಿನ್ನು ಸಿಕ್ಕಿಸಿ ಎದುರಿಗೆ ನಿಂತರು. ತುಟಿ ಕಂಡದ್ದರಿಂದ ಈ ಮಾತು ತಿಳಿಯಿತು: "ಇನ್ನು ಹೇಳೋಕೆ ಏನೂ ಉಳಿದಿಲ್ಲ ಡಾಕ್ಟ್ರೇ. ದೊಡ್ಡ ಉಪಕಾರ ಆಯ್ತು." ಯಾವತ್ತೂ ಕೈ ಕುಲುಕದವರು ಇವತ್ತು ಕುಲುಕಿ ಹೊರಟುಹೋದರು.

ಡಾಕ್ಟರಿಗೆ ಕೂತಲ್ಲಿ ಕೂರಲಾಗಲಿಲ್ಲ. ಕಿಟಕಿಗೆ ಹೋದರು, ಬಂದರು, ಮತ್ತೆ ಹೋದರು. ಏನು ಹೇಳಿದಳು? ಯಾವುದಕ್ಕೆ ನಾನು ಹೂಂ ಅಂದೆ? ಸಾಯುತ್ತೇನೆ ಅಂದದ್ದಕ್ಕೇನಾದರೂ ಒಪ್ಪಿಗೆ ಕೊಟ್ಟೆನೇ?

"ಕಾಲಿಗೆ ಚಕ್ರ ಕಟ್ಕೊಂಡಿದೀರಾ? ಕಾಫಿ ಆರಿಹೋಯ್ತು" ಎಂದು ಡೀಲಿಯಾ ಕೂಗಿದಳು.

"ಮಿಸ್ ಪೆಲ್ ಹೋಗ್ತಾ ಏನಾದ್ರೂ ಅಂದ್ರಾ?"

"ನನಗ್ಯಾಕೆ ಹೇಳ್ತಾರೆ? ಹೇಳೋದಕ್ಕೇ ಅಂತ ನಿಮ್ಮ ಹತ್ರ ಬರೋದು."

ಆ ಮಾತು ಚೆನ್ನಾಗಿಯೇ ಕೇಳಿಸಿತು. ಟೋಪಿಯನ್ನೂ ಹಾಕಿಕೊಳ್ಳದೆ ಹೊರಗೆ ಬಿದ್ದರು. ಸಿಕ್ಕ ರೈಲು ಹತ್ತಿ, ಇಳಿದು, ಸೇತುವೆಯ ಕಡೆಗೆ ಆ ವಯಸ್ಸಿನಲ್ಲಿ ಓಡಿದರು. ಪೋಲೀಸಿನವನೊಬ್ಬ ತಿರುಗಿ ನೋಡಿದ. ಸೇತುವೆಯ ಬಾಯಲ್ಲಿ, ತಲೆಯ ಮೇಲೆ ರೈಲು ಗಡಗಡಿಸುವ ಜಾಗದಲ್ಲಿ, ಮಿಸ್ ಪೆಲ್ ಸುಟ್ಟ ಚೆಸ್ಟ್‌ನಟ್ ಬೀಜ ಕೊಂಡು ಸಿಪ್ಪೆ ಸುಲಿಯುತ್ತ ನಿಂತಿದ್ದರು.

"ಕ್ಷಮಿಸಿ" ಎಂದರು ಡಾಕ್ಟರು ಏದುಸಿರು ಬಿಡುತ್ತ. "ಇವತ್ತು ನೀವು ಹೇಳಿದ್ದು ನನಗೆ ಒಂದಕ್ಷರ ಕೇಳಿಸ್ಲಿಲ್ಲ. ನಾನು ಕಿವುಡ."

"ಗೊತ್ತು." ರೈಲಿನ ಗದ್ದಲಕ್ಕೆ ಅವರೂ ದನಿ ಏರಿಸಿದ್ದರಿಂದ ಮಾತು ಸ್ಪಷ್ಟವಾಗಿ ಕೇಳಿಸಿತು. "ಬೇಸಿಗೇಲೇ ಗೊತ್ತಾಯ್ತು. ನಮ್ಮನೆ ಬೆಕ್ಕು ಊಟಕ್ಕೆ ಮುಂಚೆ ಪ್ರಾರ್ಥನೆ ಮಾಡುತ್ತೆ ಅಂದೆ, ಅದಕ್ಕೂ ಹೂಂ ಅಂದ್ರಿ. ಪಾಠ ಕೇಳದೇ ತಲೆ ಆಡಿಸೋ ಮಕ್ಕಳನ್ನ ದಿನಾ ನೋಡ್ತೀನಿ ಡಾಕ್ಟ್ರೇ."

"ಮತ್ತೆ ಬರ್ತಾನೇ ಇದ್ರಲ್ಲ?"

"ಕೇಳಿಸಲ್ಲ ಅಂತಲೇ ಬಂದೆ. ಕೇಳಿಸೋರ ಹತ್ರ ಅದನ್ನ ಹೇಳಿ, ಮಾರನೇ ದಿನ ಮುಖ ತೋರಿಸೋಕಾಗುತ್ತಾ? ಬೇಕಂತಲೇ ಮೆತ್ತಗೆ ಹೇಳ್ದೆ. ಇವತ್ತು ಪೂರ್ತಿ ಹೇಳಿ ಮುಗಿಸ್ದೆ. ಈಗ ನೋಡಿ, ಹಸಿವಾಗ್ತಿದೆ. ತಗೊಳ್ಳಿ, ಬಿಸಿ ಇದೆ."

ಡಾಕ್ಟರಿಗೆ ಹೋದ ಜೀವ ಬಂದ ಹಾಗಾಯಿತು. ಸಂತೋಷಕ್ಕೆ ನಗು ತಡೆಯಲಾಗಲಿಲ್ಲ. "ಹಾಗಾದ್ರೆ ನನ್ನ ಕಿವುಡಿನಿಂದ್ಲೂ ಒಳ್ಳೇದೇ ಆಯ್ತು ಅನ್ನಿ" ಎಂದುಬಿಟ್ಟರು.

ಮಿಸ್ ಪೆಲ್ ಸುಲಿಯುವುದನ್ನು ನಿಲ್ಲಿಸಿದರು. "ನಿಮ್ಮ ಬೇರೆ ರೋಗಿಗಳಿಗೆ ಗೊತ್ತಾ?"

"ಇಲ್ಲ."

"ನಾನು ಕೇಳಿಸದೇ ಇರ್ಲಿ ಅಂತ ಹೇಳ್ದೆ. ಅವರು ಕೇಳಿಸ್ಲಿ ಅಂತ ಹೇಳ್ತಿದಾರಲ್ವಾ?" ಎಂದು, ಪೊಟ್ಟಣ ಮಡಿಸಿಕೊಂಡು ಸೇತುವೆಯ ಮೇಲೆ ನಡೆದುಹೋದರು.

ಮರುದಿನ ಬೆಳಿಗ್ಗೆ ಬಂದವನು ಕ್ರೇನ್, ಹಡಗು ಕಂಪನಿಯ ಗುಮಾಸ್ತ. ಮಗು ತೀರಿಕೊಂಡ ಮೇಲೆ ಅವನಿಗೆ ಬಲಗೈ ಎತ್ತಲು ಬರುತ್ತಿರಲಿಲ್ಲ. ಮಲಗಲು ಹೋದವನನ್ನು ಡಾಕ್ಟರು ತಡೆದು, ಎದುರಿಗೆ ಕೂರಿಸಿಕೊಂಡು, ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

ಕ್ರೇನ್ ಡಾಕ್ಟರ ಮುಖವನ್ನೇ ನೋಡಿದ. "ಮಗು ವಿಷಯ ಹೇಳಿದ್ನಲ್ಲ, ಆ ರಾತ್ರಿ ನಾನು ಏನು ಮಾಡ್ದೆ ಅಂತ?"

"ಕೇಳಿಸ್ಲಿಲ್ಲ."

"ನೀವು ಹೂಂ ಅಂದ್ರಿ. ನಾನು ಮನೆಗೆ ಹೋಗಿ ಹೆಂಡ್ತಿಗೆ ಹೇಳ್ದೆ, ಡಾಕ್ಟ್ರು ಎಲ್ಲಾ ಕೇಳ್ಕೊಂಡ್ರು, ಆದ್ರೂ ಹೊರಗೆ ಹಾಕ್ಲಿಲ್ಲ ಕಣೇ ಅಂತ."

ಅವನು ಎಡಗೈಯಿಂದ ಟೋಪಿ ತೆಗೆದುಕೊಂಡು ಎದ್ದ. ಬಾಗಿಲ ಹತ್ತಿರ, ಬೆನ್ನು ತಿರುಗಿಸಿ ನಿಂತೇ, ಇನ್ನೂ ಏನೋ ಹೇಳಿದ. ಡಾಕ್ಟರು ಕುರ್ಚಿಯಿಂದ ಅರ್ಧ ಎದ್ದರು.

"ಕೇಳಿಸ್ಲಿಲ್ಲ ಕ್ರೇನ್. ದಯವಿಟ್ಟು ಇನ್ನೊಂದ್ಸಲ ಹೇಳಿ."

ಕ್ರೇನ್ ಹೇಳಲಿಲ್ಲ.