ನಲವತ್ತೈದನೇ ಸಾಲು

ಹೊಳೆನರಸೀಪುರದ ಗುಡಿಯಲ್ಲಾದರೂ ಮಂಗಳಾರತಿ ಹೊತ್ತಿಗೆ ಪರದೆ ಸರಿಸುತ್ತಾರೆ. ನಿಂತವರು ಕಣ್ತುಂಬ ನೋಡಿ, ಕೆನ್ನೆ ಬಡಿದುಕೊಂಡು ಹೋಗಬಹುದು. ಹಾಸನದ ಆ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಅದಕ್ಕೂ ಗತಿ ಇರಲಿಲ್ಲ. ಎಂಟು ಕಂಪ್ಯೂಟರುಗಳು ಎಂಟು ಮೇಜಿನ ಮೇಲೆ, ಗೋಪಿ ಬಣ್ಣದ ಮುಸುಕು ಹೊದ್ದು ಸಾಲಾಗಿ ಕೂತಿದ್ದವು. ಮುಸುಕಿನ ಅಂಚಿಗೆ ಜರಿ ಬೇರೆ. ಬಾಗಿಲಾಚೆ ಚಪ್ಪಲಿ ಬಿಟ್ಟು, ನಲ್ಲಿಯಲ್ಲಿ ಕಾಲು ತೊಳೆದು, ಒರೆಸಿಕೊಂಡು ಒಳಗೆ ಬರಬೇಕು. ಒಳಗೆ ಬಂದವರು ಗೋಡೆಗೆ ಬೆನ್ನು ಕೊಟ್ಟು ನಿಲ್ಲಬೇಕು. ಮುಟ್ಟಿದರೆ ಮುಗಿಯಿತು.

ಈ ಗುಡಿಯ ಅರ್ಚಕರು ತಿರುನಾರಾಯಣ ಮೇಷ್ಟ್ರು. ಹೊಳೆನರಸೀಪುರದ ಅಗ್ರಹಾರದವರು, ಮೊದಲು ಕಾಮರ್ಸ್ ಹೇಳಿಕೊಡುತ್ತಿದ್ದರು. ತೊಂಬತ್ತಮೂರರಲ್ಲಿ ಕಾಲೇಜಿಗೆ ಕಂಪ್ಯೂಟರ್ ಬಂದಾಗ ಮೈಸೂರಿಗೆ ಹದಿನೈದು ದಿನದ ಟ್ರೈನಿಂಗಿಗೆ ಹೋಗಿ ಬಂದರು, ಬಂದವರೇ ಲ್ಯಾಬಿನ ಬೀಗದ ಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡರು. ಸುಳ್ಳಲ್ಲ, ನಿಜವಾಗಿ ಜನಿವಾರಕ್ಕೇ! "ಕಂಪ್ಯೂಟರಿಗೆ ಧೂಳು ಆಗಲ್ಲ, ಸೆಖೆ ಆಗಲ್ಲ, ಹುಡುಗರ ಬೆವರು ಮೊದಲೇ ಆಗಲ್ಲ" ಅನ್ನುವುದು ಅವರ ಮಂತ್ರ. ಎ.ಸಿ. ಇತ್ತು, ಆದರೆ ಅದರ ಗಾಳಿ ಕಂಪ್ಯೂಟರುಗಳ ಕಡೆಗೆ. ಹುಡುಗರು ನಿಲ್ಲುವ ಗೋಡೆ ಕಡೆ ಫ್ಯಾನೂ ಇರಲಿಲ್ಲ.

ತೊಂಬತ್ತೇಳರಲ್ಲಿ ಅರಕಲಗೂಡು ಕಡೆಯ ಹಳ್ಳಿಯಿಂದ ಈ ಗುಡಿಗೆ ಹೊಸ ಭಕ್ತೆಯೊಬ್ಬಳು ಬಂದಳು. ಹೆಸರು ಶಿವಗಂಗಮ್ಮ. ಹದಿನೆಂಟು ವರ್ಷದ ಹುಡುಗಿಗೆ ಇದೇನು ಹೆಸರು ಅಂತ ಕ್ಲಾಸಿನ ಹುಡುಗಿಯರು ಕಿಸಕ್ಕನೆ ನಕ್ಕರು. ಅಜ್ಜಿಯ ಹೆಸರಿಟ್ಟಿದ್ದರು, ಪಾಪ, ಅವಳ ತಪ್ಪೇನು? ಅಪ್ಪ ದೇವರಾಜು ಹೊಗೆಸೊಪ್ಪು, ಶುಂಠಿ ಬೆಳೆಯುವವನು. ಮಗಳನ್ನು ಬಿ.ಎಸ್ಸಿ.ಗೆ ಸೇರಿಸಿ, ಜಾತಿಯವರ ಹಾಸ್ಟೆಲಿನಲ್ಲಿ ಪುಕ್ಕಟೆ ಸೀಟು ಹಿಡಿದು, ಟ್ರಂಕು ಇಳಿಸಿ ಹೊರಡುವಾಗ ಒಂದೇ ಮಾತು ಹೇಳಿದ: "ನೋಡವ್ವ, ಈ ಸೀಟು ಇರಗಂಟ ಓದು. ಸೀಟು ಓಯ್ತಾ, ಮನೇಗ್ ಬಂದ್ಬುಡು. ಒಗೆಸೊಪ್ಪು ಕಟ್ಟಕ್ಕೆ ಆಳೇ ಸಿಕ್ತಿಲ್ಲ."

ಸೀಟು ಹೋಗುವ ದಾರಿಯನ್ನು ಹಾಸ್ಟೆಲಿನ ವಾರ್ಡನ್ ಕಾಮಾಕ್ಷಮ್ಮ ಅವತ್ತೇ ಸಂಜೆ ತೋರಿಸಿಕೊಟ್ಟರು. "ಒಂದೇ ಒಂದು ಪೇಪರ್ ಹೋಗಲಿ, ನಿನ್ನ ಟ್ರಂಕು ಗೇಟಿನಾಚೆ. ಥಿಯರಿ ಆಗಲಿ, ಪ್ರಾಕ್ಟಿಕಲ್ ಆಗಲಿ, ನಂಗೆ ಎಲ್ಲಾ ಒಂದೇ." ಊರಿಂದ ಓಡಾಡಿ ಓದುತ್ತೇನೆ ಅನ್ನೋಣ ಅಂದರೆ, ಅರಕಲಗೂಡಿನಿಂದ ಅವಳ ಹಳ್ಳಿಗೆ ಕೊನೇ ಬಸ್ಸು ಐದೂವರೆಗೆ, ಕಾಲೇಜಿನ ಲ್ಯಾಬು ಬಿಡುವುದು ಐದಕ್ಕೆ, ಹಾಸನದಿಂದ ಅರಕಲಗೂಡಿಗೇ ಒಂದು ಗಂಟೆ ದಾರಿ. ಅಂದರೆ ಸೀಟು ಹೋದ ದಿನವೇ ಓದೂ ಹೋದಂತೆ. ಇದನ್ನು ಶಿವಗಂಗಮ್ಮ ಮೊದಲ ದಿನವೇ ಲೆಕ್ಕ ಹಾಕಿ ಇಟ್ಟುಕೊಂಡಿದ್ದಳು.

ಉಳಿದ ಪೇಪರುಗಳಿಗೆ ಅವಳು ಹೆದರಲಿಲ್ಲ. ಹೆದರಿದ್ದು ಕಂಪ್ಯೂಟರ್ ಪ್ರಾಕ್ಟಿಕಲ್ಲಿಗೆ. ಯಾಕೆ ಅಂದರೆ ವಾರಕ್ಕೆ ಎರಡು ಗಂಟೆ ಲ್ಯಾಬಿಗೆ ಹೋದರೂ ಅಲ್ಲಿ ಮಾಡುವುದಕ್ಕೆ ಒಂದೇ ಕೆಲಸ: ರಿಜಿಸ್ಟರಿನಲ್ಲಿ ಸಹಿ. 'ಕಂಪ್ಯೂಟರ್ ಬಳಸಿದ ಅವಧಿ: ಎರಡು ಗಂಟೆ' ಅಂತ ಮೊದಲೇ ಬರೆದಿರುತ್ತಿತ್ತು. ಸಹಿ ಆದಮೇಲೆ ಮೇಷ್ಟ್ರು ಒಂದನೇ ನಂಬರ್ ಕಂಪ್ಯೂಟರಿನ ಮುಸುಕನ್ನು ಅರ್ಧ ಎತ್ತಿ, "ಇದು ಮಾನಿಟರು, ಇದು ಕೀಬೋರ್ಡು, ನೋಡಿಕೊಂಡಿರಾ?" ಅನ್ನುವರು. ನೋಡಿಕೊಂಡೆವು ಅನ್ನುವಷ್ಟರಲ್ಲಿ ಮುಸುಕು ಇಳಿದಿರುತ್ತಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಇಂಥವರನ್ನು ನೋಡಿಯೇ ಹುಟ್ಟಿದ ಗಾದೆ.

ಮತ್ತೆ ಕಲಿಯುವುದು ಎಲ್ಲಿ? ರೆಕಾರ್ಡ್ ಪುಸ್ತಕದಲ್ಲಿ! ಹದಿನೇಳು ಪ್ರೋಗ್ರಾಂ ಬರೆಯಬೇಕು. ಬಲಗಡೆ ಪ್ರೋಗ್ರಾಂ ನೀಲಿ ಶಾಯಿಯಲ್ಲಿ, ಎಡಗಡೆ ಅದರ ಉತ್ತರ ಪೆನ್ಸಿಲಿನಲ್ಲಿ, ಸುತ್ತ ಮಾರ್ಜಿನ್. ಕಿರಿಯರು ಹಿರಿಯರ ರೆಕಾರ್ಡ್ ನೋಡಿ ಬರೆಯುವುದು, ಹಿರಿಯರು ಅವರ ಹಿರಿಯರದು. ಹೀಗೆ ನಾಲ್ಕು ವರ್ಷದಿಂದ ಹದಿನೇಳು ಪ್ರೋಗ್ರಾಂ ಕೈಯಿಂದ ಕೈಗೆ ಬಂದಿದ್ದವೇ ಹೊರತು ಒಂದೂ ಕಂಪ್ಯೂಟರಿನ ಮುಖ ನೋಡಿರಲಿಲ್ಲ. ಶಿವಗಂಗಮ್ಮ ಸೀನಿಯರ್ ಆರತಿಯ ರೆಕಾರ್ಡ್ ತಂದು, ಹಾಸ್ಟೆಲಿನಲ್ಲಿ ಬೋರಲು ಮಲಗಿ ಬರೆಯತೊಡಗಿದಳು.

ಒಂಬತ್ತನೇ ಪ್ರೋಗ್ರಾಂ ಹತ್ತಿರ ಪೆನ್ನು ನಿಂತಿತು. ಒಂದರಿಂದ ನೂರರವರೆಗಿನ ಸಂಖ್ಯೆಗಳನ್ನು ಕೂಡುವ ಪ್ರೋಗ್ರಾಂ ಅದು. ಉತ್ತರ ಅಂತ ಆರತಿ ಬರೆದದ್ದು ಐದು ಸಾವಿರದ ಐನೂರು. ಶಿವಗಂಗಮ್ಮನಿಗೆ ಹೈಸ್ಕೂಲಿನ ಲೆಕ್ಕದ ಮೇಷ್ಟ್ರು ಒಂದು ಉಪಾಯ ಕಲಿಸಿದ್ದರು. ಒಂದಕ್ಕೆ ನೂರು ಸೇರಿಸು, ನೂರೊಂದು. ಎರಡಕ್ಕೆ ತೊಂಬತ್ತೊಂಬತ್ತು, ಮತ್ತೆ ನೂರೊಂದು. ಇಂಥ ಜೋಡಿ ಐವತ್ತು. ಐದು ಸಾವಿರದ ಐವತ್ತಲ್ಲವಾ? ಎರಡು ಸಲ ಮಾಡಿದಳು, ಮೂರು ಸಲ ಮಾಡಿದಳು. ಐದು ಸಾವಿರದ ಐವತ್ತೇ.

ಮಾರನೇ ದಿನ ರೆಕಾರ್ಡ್ ಹಿಡಿದು ಮೇಷ್ಟ್ರ ಮುಂದೆ ನಿಂತಳು. "ಸಾ, ಇದು ಐದು ಸಾವ್ರದ ಐವತ್ತು ಬರ್ಬೇಕಲ್ವಾ ಸಾ?"

ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿದರು. "ಯಾರು ಹೇಳಿದ್ದು?"

"ನಾನೇ ಕೂಡಿದೆ ಸಾ."

"ನೀನು ಕೂಡಿದೆ!" ಮೇಷ್ಟ್ರಿಗೆ ನಗು ತಡೆಯಲಾಗಲಿಲ್ಲ. "ಅಲ್ಲಮ್ಮ, ನೀನು ದೊಡ್ಡವಳೋ ಕಂಪ್ಯೂಟರ್ ದೊಡ್ಡದೋ? ಮನುಷ್ಯ ತಪ್ಪು ಮಾಡ್ತಾನೆ. ಕಂಪ್ಯೂಟರ್ ತಪ್ಪು ಮಾಡಲ್ಲ. ಪ್ರಶ್ನೆ ಕೇಳಬೇಡ, ಬರಕೋ."

ಕಂಪ್ಯೂಟರ್ ಆ ಲೆಕ್ಕ ಮಾಡಿದ್ದು ಯಾವ ಕಾಲದಲ್ಲಿ ಸಾ ಅಂತ ಕೇಳಬೇಕು ಅನ್ನಿಸಿತು. ಇಪ್ಪತ್ತು ಇಂಟರ್ನಲ್ ಮಾರ್ಕು ಆ ಕನ್ನಡಕದ ಹಿಂದಿತ್ತು. ಸುಮ್ಮನೆ ಬರೆದುಕೊಂಡಳು. ಮೇಷ್ಟ್ರು ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕಿದರು, ಮೇಲೆ ಕಾಲೇಜಿನ ಸೀಲು ಬಿತ್ತು.

ಅಕ್ಟೋಬರಿನಲ್ಲಿ ಆಯುಧಪೂಜೆ ಬಂತು. ಆ ಒಂದು ದಿನ ಮಾತ್ರ ಎಂಟೂ ಮುಸುಕು ಪೂರ್ತಿ ತೆಗೆಯುವ ಪದ್ಧತಿ. ಹುಡುಗರು ಗೋಡೆ ಪಕ್ಕ ನಿಂತು ನೋಡುತ್ತಿದ್ದ ಹಾಗೇ ಮಾನಿಟರಿನ ಹಣೆಗೆ ಗಂಧ ಕುಂಕುಮ ಬಿತ್ತು, ನೆತ್ತಿಗೆ ಸೇವಂತಿಗೆ ಬಂತು. ಕೀಬೋರ್ಡಿನ ಮೇಲೆ ಮೇಷ್ಟ್ರು ಕೈತುಂಬ ಅಕ್ಷತೆ ಎರಚಿದರು. ಬಾಗಿಲಲ್ಲಿ ಬೂದುಗುಂಬಳ ಒಡೆದರು. ಮಂಗಳಾರತಿ ಆಗಿ, ಕಡಲೆಪುರಿ ಚರ್ಪು ಹಂಚಿ, ಅಕ್ಷತೆ ಕುಂಕುಮ ಹೇಗಿತ್ತೋ ಹಾಗೇ ಮುಸುಕು ಹೊದಿಸಿದರು. ಪೂಜೆ ಮಾಡಿದ್ದನ್ನು ಆ ದಿನ ಒರೆಸಬಾರದಂತೆ. ಆಮೇಲೆ ಒರೆಸುವುದು ಯಾರಿಗೂ ನೆನಪಾಗಲಿಲ್ಲ.

ಲ್ಯಾಬಿನಲ್ಲಿ ಮೇಷ್ಟ್ರನ್ನು ಬಿಟ್ಟರೆ ಯಂತ್ರಗಳನ್ನು ಮುಟ್ಟುವ ಹಕ್ಕಿದ್ದದ್ದು ಅಟೆಂಡರ್ ಶಿವಯ್ಯನಿಗೆ. ನಿಜ ಹೇಳಬೇಕೆಂದರೆ ಸ್ವಿಚ್ಚು ಹಾಕುವುದು, ಆರಿಸುವುದು ಅವನಿಗೇ ಗೊತ್ತಿತ್ತು. ಮೇಷ್ಟ್ರು ಅವನನ್ನು ಕೇಳಿ ಹಾಕುತ್ತಿದ್ದರು. ಶಿವಗಂಗಮ್ಮ ಕ್ಯಾಲೆಂಡರಿನ ಹಿಂಬದಿಯಲ್ಲಿ ಕೀಬೋರ್ಡ್ ಬರೆದುಕೊಂಡು ಬೆರಳಾಡಿಸುವುದನ್ನು ಕಾರಿಡಾರಿನಲ್ಲಿ ಒಂದು ದಿನ ಅವನು ನೋಡಿದ.

"ಅಲ್ಲ ಕಣವ್ವ, ಕಾಗದದ ಮ್ಯಾಲೆ ಈಜು ಕಲ್ತಂಗಾಯ್ತಲ್ಲ ಇದು! ಮೇಷ್ಟ್ರು ಊಟಕ್ಕೋಗವ್ರೆ, ಬೀಗ ಆಕಿಲ್ಲ, ಬಾ ಒಳಕ್ಕೆ. ಮೂರನೇ ನಂಬರ್ದು ಚೆನ್ನಾಗದೆ. ಬಿರ್ರನೆ ಒತ್ನೋಡ್ಕಂಡು ಒಂಟೋಗು."

ಹಾಗೆ ಆ ವರ್ಷ ನಾಲ್ಕು ಸಲ, ಮೇಷ್ಟ್ರ ಊಟದ ಹೊತ್ತಿನಲ್ಲಿ, ಹತ್ತು ಹತ್ತು ನಿಮಿಷ ಅವಳು ಮೂರನೇ ನಂಬರಿನ ಮುಂದೆ ಕೂತಳು. ರಿಜಿಸ್ಟರಿನಲ್ಲಿ ಅವಳ ಹೆಸರಿಗೆ ಅರವತ್ತೆರಡು ಗಂಟೆ ಇತ್ತು. ಕೂತಿದ್ದು ನಲವತ್ತು ನಿಮಿಷ.

ಏಪ್ರಿಲ್‌ನಲ್ಲಿ ಪ್ರಾಕ್ಟಿಕಲ್ ಪರೀಕ್ಷೆ. ಹಿಂದಿನ ನಾಲ್ಕು ವರ್ಷವೂ ಪರೀಕ್ಷಕರಾಗಿ ಬರುತ್ತಿದ್ದವರು ಮೈಸೂರಿನ ಹಿರಿಯ ಪ್ರಾಧ್ಯಾಪಕರೊಬ್ಬರು. ಬರುವರು, ಹೋಳಿಗೆ ಊಟ ಮಾಡುವರು, ರೆಕಾರ್ಡುಗಳಿಗೆ ಹಸಿರು ಶಾಯಿಯಲ್ಲಿ ಸಹಿ ಹಾಕಿ ಮೂರು ಗಂಟೆ ಬಸ್ಸಿಗೆ ಹೋಗುವರು. ಈ ಸಲ ಅವರಿಗೆ ಮೈಸರಿಯಿಲ್ಲದೆ ತಮ್ಮದೇ ವಿಭಾಗದ ವಸಂತ ಮೇಡಂ ಅವರನ್ನು ಕಳಿಸಿದ್ದರು. ಮೇಡಂ ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಒಳಗೆ ಬಂದವರೇ, "ಇದೇನ್ಸಾರ್, ಎಲ್ಲಾ ಮುಚ್ಚಿಟ್ಟಿದ್ದೀರಿ? ತೆಗೀರಿ" ಅಂದರು.

ಮೇಷ್ಟ್ರ ಮುಖ ನೋಡಬೇಕಿತ್ತು! ಮುಸುಕು ತೆಗೆದರು. ಕಪ್ಪು ತಿರುಗಿದ ಕುಂಕುಮ, ಒಣಗಿ ಪುಡಿಯಾದ ಸೇವಂತಿಗೆ. ಶಿವಯ್ಯ ಸ್ವಿಚ್ಚು ಹಾಕುತ್ತ ಹೋದ. ಎಂಟರಲ್ಲಿ ಜೀವ ಬಂದದ್ದು ಮೂರಕ್ಕೆ. ಉಳಿದ ಐದು ಯಾವತ್ತು ಸತ್ತಿದ್ದವೋ ಭಗವಂತನೇ ಬಲ್ಲ. ನಾಲ್ಕು ವರ್ಷ ಹೆಣಕ್ಕೆ ಎ.ಸಿ. ಹಾಕಿ ಮಡಿಯಲ್ಲಿ ಕಾದಿದ್ದರು.

"ಸತ್ತ ಮಷೀನ್ ಸಿಕ್ಕಿದವರು ಉತ್ತರ ಕೈಯಲ್ಲಿ ಬರೀಲಿ, ಏನ್ಮಾಡೋದು" ಅಂದರು ಮೇಡಂ. ಅಷ್ಟು ಅಂದದ್ದೇ ತಡ, ಹುಡುಗರು ಸತ್ತ ಮಷೀನಿಗೆ ಬಿದ್ದು ಎದ್ದು ಓಡಿದರು. ಸಿಕ್ಕಿದವರು ಕೈ ಮುಗಿದು ಕೂತರು. ಶಿವಗಂಗಮ್ಮನಿಗೆ ಉಳಿದದ್ದು ಜೀವಂತ ಇದ್ದ ಮೂರನೆಯದು. ಪ್ರಶ್ನೆಯ ಚೀಟಿ ಎತ್ತಿದಳು. ಒಂಬತ್ತನೇ ಪ್ರೋಗ್ರಾಂ.

ಹತ್ತನೇ ಸಾಲು, ಇಪ್ಪತ್ತನೇ ಸಾಲು ಅಂತ ಹತ್ತು ಹತ್ತು ಬಿಟ್ಟು ಸಂಖ್ಯೆ ಹಾಕಿ ಐದು ಸಾಲಿನ ಪ್ರೋಗ್ರಾಂ ಟೈಪ್ ಮಾಡಬೇಕು. ಮೊದಲ ಸಾಲು ಮುಗಿಸಿ ಎಂಟರ್ ಒತ್ತಿದರೆ, ಮೊದಲೂ ಸಿಕ್ಕಿಕೊಳ್ಳುತ್ತಿದ್ದ ಗುಂಡಿ ಈಗ ಕೆಳಗೇ ಹೋಗದು. ಅವಳಿಗೆ ಥಟ್ಟನೆ ಹೊಳೆಯಿತು. ಕೀಬೋರ್ಡ್ ಎತ್ತಿ ಮಗುಚಿ, ಮೊರದ ಬೆನ್ನು ತಟ್ಟುವ ಹಾಗೆ ನಾಲ್ಕು ತಟ್ಟು ತಟ್ಟಿದಳು. ಅರಿಶಿನದ ಅಕ್ಕಿ ಬುಳುಬುಳು ಮೇಜಿನ ಮೇಲೆ ಉದುರಿತು.

"ಅಯ್ಯೋ ಅಯ್ಯೋ ಅಯ್ಯೋ!" ಮೇಷ್ಟ್ರು ಎದೆ ಹಿಡಿದುಕೊಂಡರು. ಮೇಡಂ ಸೆರಗನ್ನು ಬಾಯಿಗೆ ಒತ್ತಿಕೊಂಡು ಕಿಟಕಿ ಕಡೆ ತಿರುಗಿದರು.

ಐದು ಸಾಲು ಮುಗಿಯಿತು. ಶಿವಗಂಗಮ್ಮ ಪ್ರೋಗ್ರಾಂ ಓಡಿಸಿದಳು. ಕಪ್ಪು ಪರದೆಯ ಮೇಲೆ ಬಿಳಿ ಅಂಕಿ ಮೂಡಿತು: 5050. ಅವಳಿಗಾದ ಸಂತೋಷಕ್ಕೆ ಎದ್ದು ಕುಣಿಯುವುದೊಂದು ಬಾಕಿ. ಬೋರಲು ಮಲಗಿ ತಾನು ಕೂಡಿದ ಲೆಕ್ಕವನ್ನು ಇದೂ ಕೂಡಿತ್ತು!

ಮೇಷ್ಟ್ರು ಬಂದು ಬಗ್ಗಿ ನೋಡಿದರು. ರೆಕಾರ್ಡ್ ತೆರೆದು ನೋಡಿದರು. "ಉತ್ತರ ತಪ್ಪು" ಅಂದರು.

"ಕಂಪ್ಯೂಟರ್ ಕೊಟ್ಟಿದ್ದು ಸಾ."

"ಕಂಪ್ಯೂಟರ್ ತಪ್ಪು ಮಾಡಿದೆ. ಮಗುಚಿ ಹೊಡೆದರೆ ಇನ್ನೇನಾಗುತ್ತೆ? ಇಲ್ಲಿ ನೋಡು, ರೆಕಾರ್ಡಿನಲ್ಲಿ ಐದು ಸಾವಿರದ ಐನೂರು. ನನ್ನ ಸಹಿ ಇದೆ, ಕಾಲೇಜಿನ ಸೀಲಿದೆ."

ಶಿವಗಂಗಮ್ಮ ಮೇಡಂ ಕಡೆ ನೋಡಿದಳು. ಮೇಡಂ ಲೆಕ್ಕ ಓದಿದವರು, ಪರದೆ ನೋಡುತ್ತಲೇ ಅವರಿಗೆ ಗೊತ್ತಾಗಿತ್ತು. ಬಾಯಿ ತೆರೆದರು ಕೂಡ. ಅಷ್ಟರಲ್ಲಿ ಮೇಷ್ಟ್ರು ಹಳೇ ಬ್ಯಾಚುಗಳ ರೆಕಾರ್ಡುಗಳನ್ನು ತಂದು ಅವರ ಮುಂದೆ ಹರಡಿದರು. ನಾಲ್ಕು ವರ್ಷ, ನಾಲ್ಕು ರೆಕಾರ್ಡು, ನಾಲ್ಕರಲ್ಲೂ ಐದು ಸಾವಿರದ ಐನೂರು. ಕೆಳಗೆ ಹಸಿರು ಶಾಯಿಯಲ್ಲಿ ಮೇಡಂ ಅವರ ವಿಭಾಗದ ಹಿರಿಯರ ಸಹಿ. ಮೇಡಂ ತೆರೆದ ಬಾಯಿ ಮುಚ್ಚಿದರು. ಆ ಸಹಿಯವರೇ ಮುಂದಿನ ತಿಂಗಳು ಅವರ ಕೆಲಸ ಕಾಯಂ ಮಾಡಬೇಕಿತ್ತು.

"ನೋಡಮ್ಮ" ಅಂದರು, ಹುಡುಗಿಯ ಮುಖ ನೋಡದೆ. "ಸ್ಕ್ರೀನಿಗೂ ರೆಕಾರ್ಡಿಗೂ ತಾಳೆ ಆಗಬೇಕು. ಆಗದಿದ್ರೆ ಮಾರ್ಕ್ಸ್ ಕೊಡಕ್ಕೆ ಬರಲ್ಲ. ಇನ್ನೂ ಹತ್ತು ನಿಮಿಷ ಇದೆ."

ಶಿವಗಂಗಮ್ಮನಿಗೆ ಸಿಟ್ಟು ನೆತ್ತಿಗೇರಿತು. ಅಳುವೂ ಬಂತು. ಅಕ್ಕಪಕ್ಕದಲ್ಲಿ ಸತ್ತ ಕಂಪ್ಯೂಟರಿನ ಮುಂದೆ ಕೂತವರು ಬಾಯಿಪಾಠದ ಉತ್ತರವನ್ನು ಮುತ್ತು ಪೋಣಿಸಿದ ಹಾಗೆ ಬರೆಯುತ್ತಿದ್ದರು, ಅವರಿಗೆಲ್ಲ ಪಾಸು. ನಿಜವಾಗಿ ಓಡಿಸಿದ ತನ್ನ ಟ್ರಂಕು ಮಾತ್ರ ಗೇಟಿನಾಚೆ. ಅಪ್ಪನ ಮುಖ ಕಣ್ಣ ಮುಂದೆ ಬಂತು, ಹೊಗೆಸೊಪ್ಪಿನ ಅಂಟು ಬೆರಳಿಗೆ ಹತ್ತಿದ ಹಾಗಾಯಿತು. ಗೋಡೆಯ ಗಡಿಯಾರದಲ್ಲಿ ಆರು ನಿಮಿಷ ಉಳಿದಿತ್ತು.

ಐದು ಸಾವಿರದ ಐನೂರರಲ್ಲಿ ಐದು ಸಾವಿರದ ಐವತ್ತು ಕಳೆದರೆ? ನಾನೂರೈವತ್ತು.

ಅವಳು ಕಣ್ಣೊರೆಸಿಕೊಂಡಳು. ಕೂಡುವುದು ಮುಗಿಯುವ ನಲವತ್ತನೇ ಸಾಲಿಗೂ ಉತ್ತರ ತೋರಿಸುವ ಐವತ್ತನೇ ಸಾಲಿಗೂ ನಡುವೆ ಜಾಗ ಇತ್ತು. ನಲವತ್ತೈದು ಅಂತ ಸಂಖ್ಯೆ ಹಾಕಿ ಒಂದು ಹೊಸ ಸಾಲು ಟೈಪ್ ಮಾಡಿದಳು: ಬಂದ ಮೊತ್ತಕ್ಕೆ ಇನ್ನೂ ನಾನೂರೈವತ್ತು ಸೇರಿಸು. ಯಾರ ರೆಕಾರ್ಡಿನಿಂದಲೂ ಇಳಿಸಿಕೊಳ್ಳದೆ, ಸ್ವಂತ ಬುದ್ಧಿಯಿಂದ ಅವಳು ಬರೆದ ಮೊಟ್ಟಮೊದಲ ಸಾಲು ಅದು. ಎಂಟರ್ ಒತ್ತಿ ಓಡಿಸಿದಳು. 5500.

"ಹಾಂ!" ಮೇಷ್ಟ್ರ ಮುಖ ಅರಳಿತು. "ನೋಡಿದಿರಾ ಮೇಡಂ? ಭಯಭಕ್ತಿಯಿಂದ ಮುಟ್ಟಿದರೆ ಸರಿಯಾಗೇ ಬರುತ್ತೆ. ಕಂಪ್ಯೂಟರ್ ಯಾವತ್ತಾದರೂ ತಪ್ಪು ಮಾಡುತ್ತಾ?" ಬಗ್ಗಿ ಸಾಲು ಸಾಲಾಗಿ ಓದಿ, "ನಲವತ್ತೈದನೇ ಸಾಲು ರೆಕಾರ್ಡಿನಲ್ಲಿ ಬಿಟ್ಟುಹೋಗಿದೆ. ಎಲ್ಲರೂ ಸೇರಿಸಿಕೊಳ್ಳಿ" ಅಂತ ಅಪ್ಪಣೆ ಮಾಡಿದರು. ಇಡೀ ಲ್ಯಾಬಿನಲ್ಲಿ ಪೆನ್ನುಗಳು ಸರಸರ ಓಡಿದವು.

ಮೇಡಂ ಆ ಸಾಲನ್ನು ನೋಡಿದರು, ಶಿವಗಂಗಮ್ಮನನ್ನು ನೋಡಿದರು. ಐವತ್ತಕ್ಕೆ ನಲವತ್ತೊಂಬತ್ತು ಹಾಕಿ ಸಹಿ ಮಾಡಿದರು. ಕೀಬೋರ್ಡ್ ಮಗುಚಿದ್ದಕ್ಕೆ ಮೇಷ್ಟ್ರು ಒಂದು ಮಾರ್ಕು ಕಳೆಯಿಸಿದರಂತೆ.

ಸೀಟು ಉಳಿಯಿತು. ದೇವರಾಜು ಅರಕಲಗೂಡಿನ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದವರಿಗೆಲ್ಲ, "ನಮ್ ಉಡ್ಗಿ ಕಂಪ್ಯೂಟ್ರಲ್ಲಿ ಇಡೀ ಕಾಲೇಜಿಗೇ ಪಸ್ಟು ಕಣ್ಲಾ" ಅಂತ ಹೇಳಿಕೊಂಡು ತಿರುಗಿದ. ಮಗಳು ಹತ್ತಿರ ನಿಂತಿದ್ದರೆ ಮುಖ ಬೇರೆ ಕಡೆ ತಿರುಗಿಸುತ್ತಿದ್ದಳು.

ಮಾರನೇ ವರ್ಷ ಶಾಂತಿಗ್ರಾಮದ ಕಡೆಯ ಹುಡುಗಿಯೊಬ್ಬಳು ಅದೇ ಹಾಸ್ಟೆಲಿಗೆ ಸೇರಿದಳು. ನಿಸರ್ಗ ಅಂತ. ಒಂದು ಸಂಜೆ ಶಿವಗಂಗಮ್ಮನ ರೆಕಾರ್ಡ್ ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದವಳು ಒಂಬತ್ತನೇ ಪ್ರೋಗ್ರಾಂ ಹತ್ತಿರ ನಿಂತಳು.

"ಅಕ್ಕಾ, ಈ ನಲವತ್ತೈದನೇ ಸಾಲು ಯಾಕೆ? ಇದಿಲ್ದಿದ್ರೇ ಲೆಕ್ಕ ಸರಿಯಾಗ್ ಬರುತ್ತಲ್ವಾ?"

ಶಿವಗಂಗಮ್ಮ ಬಟ್ಟೆ ಮಡಿಸುತ್ತಿದ್ದಳು. ಹೇಳಿಬಿಡೋಣ ಅನ್ನಿಸಿತು. ಹೇಳಿದರೆ ಈ ಹುಡುಗಿ ನಾಳೆ ರೆಕಾರ್ಡ್ ಹಿಡಿದು ಮೇಷ್ಟ್ರ ಮುಂದೆ ನಿಲ್ಲುತ್ತಾಳೆ. ಆ ಸಾಲು ಎಲ್ಲಿಂದ ತಂದೆ ಅಂತ ಅವರು ತನ್ನನ್ನೇ ಹಿಡಿದು ಕೇಳುತ್ತಾರೆ. ಇನ್ನೂ ಎರಡು ವರ್ಷದ ಪ್ರಾಕ್ಟಿಕಲ್ ಇತ್ತು, ಎರಡು ವರ್ಷದ ಸೀಟು ಇತ್ತು.

"ಪ್ರಶ್ನೆ ಕೇಳಬೇಡ, ಬರಕೋ" ಅಂದಳು. "ಕಂಪ್ಯೂಟರ್ ತಪ್ಪು ಮಾಡಲ್ಲ."

ಅಂದಮೇಲೆ ಮಡಿಸುತ್ತಿದ್ದ ಲಂಗ ಅವಳ ಕೈಯಲ್ಲೇ ನಿಂತಿತು. ನಿಸರ್ಗ ತಲೆಯಾಡಿಸಿ, ನೀಲಿ ಶಾಯಿಯಲ್ಲಿ ಆ ಸಾಲನ್ನು ದುಂಡಗೆ ಬರೆದುಕೊಂಡಳು.